ನೀರಿನ ತೊಟ್ಟಿಯ ಕವಲು

ಮನೆ, ಮಹಡಿಯ ಕೋಣೆ
ತಾರೀಕು ಹದಿನಾಲ್ಕು, ಬುಧವಾರ, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಪುಟ್ಟೀ,

ಅಪ್ಪನ ಆಶೀರ್ವಾದ. ಅಮ್ಮನದೂ ಇದೆ, ಅಡುಗೆಮನೆಯಿಂದ ಕೂಗಿ ಹೇಳಿದ್ದಾಳೆ. ಕೈಗೆ ಹಿಟ್ಟು ಮೆತ್ತಿದೆಯಂತೆ, ಅವಳ ಪಾಲಿನದನ್ನೂ ನಾನೇ ಬರೆಯಬೇಕಂತೆ. ಮೊದಲು ನಿನ್ನ ಮಣಿಕಟ್ಟಿನ ವಿಷಯ ಹೇಳು. ಎಂಜಿನ್ ಕೋಣೆಯಲ್ಲಿ ಬಿಸಿ ಪೈಪು ತಾಗಿ ಸುಟ್ಟಿದ್ದು ಒಣಗಿತೇ, ಅಥವಾ ಕೆಲಸದ ನೆಪದಲ್ಲಿ ಪಟ್ಟಿ ಬಿಚ್ಚಿ ಎಸೆದು ಮತ್ತೆ ಗಾಯ ಮಾಡಿಕೊಂಡಿದ್ದೀಯೋ? ನೀನು "ಸ್ವಲ್ಪ ಸುಟ್ಟಿದೆ" ಅಂತ ಬರೆದರೆ ಎಷ್ಟು ಸುಟ್ಟಿರಬಹುದು ಅಂತ ನನಗೆ ಗೊತ್ತು. ಎಂಟು ವರ್ಷದವಳಿದ್ದಾಗ ಸೈಕಲ್ಲಿನಿಂದ ಬಿದ್ದು, ಮುರಿದ ಎರಡು ಹಲ್ಲನ್ನು ಅಂಗೈಯಲ್ಲಿ ಹಿಡಿದುಕೊಂಡು ಬಂದು "ಏನೂ ಆಗಿಲ್ಲಪ್ಪ" ಅಂದವಳಲ್ಲವೇ ನೀನು. ಊಟ ಸೇರುತ್ತಿದೆಯೇ? ನಿದ್ದೆ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು, ಆದರೆ ನಿಮ್ಮ ಹಡಗಿನ ಫೋನು ಅರ್ಧ ಮಾತನ್ನು ನುಂಗುತ್ತದೆ, ಉಳಿದರ್ಧವನ್ನು ನಿನ್ನಮ್ಮ ನುಂಗುತ್ತಾಳೆ. ಅಲ್ಲದೆ ಇವತ್ತಿನ ವಿಷಯ ಫೋನಿನಲ್ಲಿ ಹೇಳುವಂಥದ್ದಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ನನ್ನ ಸೊಂಟ ಮಾತ್ರ ನನ್ನ ಮಾತು ಕೇಳುತ್ತಿಲ್ಲ. ಶನಿವಾರ, ಭಾನುವಾರ ಸೇರಿ ಐನೂರು ಕಿಲೋಮೀಟರ್ ಬೈಕ್ ಓಡಿಸಿದ್ದಕ್ಕೆ ಅದು ಮುನಿಸಿಕೊಂಡಿದೆ. ನಿನ್ನಮ್ಮ ಎಣ್ಣೆ ಹಚ್ಚಿ ನೀವುತ್ತಾಳೆ, ನೀವುವಷ್ಟು ಹೊತ್ತೂ ಬಯ್ಯುತ್ತಾಳೆ. "ಅರವತ್ತೆರಡು ವರ್ಷಕ್ಕೆ ಮರಳುಗಾಡಿಗೆ ಬೈಕ್ ಸವಾರಿ ಹೊರಟ್ರಲ್ಲ, ಮಗಳ ಮದುವೆ ನೋಡೋ ಆಸೆ ಇಲ್ವಾ ನಿಮಗೆ?" ನೋಡುವ ಆಸೆ ಇದ್ದದ್ದಕ್ಕೇ ಹೋದದ್ದು. ಯಾರ ಜೊತೆ ಅನ್ನುವುದನ್ನೂ ನೋಡಬೇಕಲ್ಲ!

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಇಪ್ಪತ್ತೈದಕ್ಕೆ ನಿಮ್ಮ ಹಡಗು ಬಂದರು ಸೇರುತ್ತದೆ. ಅಲ್ಲಿ ನೀನು ಇನ್ನೆರಡು ವರ್ಷದ ಕರಾರಿಗೆ ಸಹಿ ಹಾಕಬೇಕು, ಇಲ್ಲವೇ ಇಳಿದು ಬಂದು, ಹಲ್ಲಿನ ಸೆಟ್ಟು ಕಟ್ಟುವ ಈ ಹಲ್ಲಿನವನನ್ನು ಮದುವೆಯಾಗಬೇಕು. "ಅಪ್ಪ, ನಿಮ್ಮ ಕಣ್ಣಿಗೆ ಸರಿ ಕಂಡರೆ ಮಾತ್ರ ಇಳಿಯುತ್ತೇನೆ" ಅಂತ ಬರೆದಿದ್ದೀಯ. ಅದನ್ನು ಓದಿ ನಿನ್ನಮ್ಮ ಹಣೆ ಚಚ್ಚಿಕೊಂಡಳು. "ಮೊಸರಲ್ಲಿ ಕಲ್ಲು ಹುಡುಕೋರ ಹತ್ರ ಹೋಗಿ ಮೊಸರು ಹೇಗಿದೆ ಅಂತ ಕೇಳಿದಾಳಲ್ಲ" ಅಂದಳು. ಅನ್ನಲಿ ಬಿಡು. ನಿನಗೆ ಹಿಂದೆ ನೋಡಿದ್ದ ಗಂಡಿನ ಮೊಸರಿನಲ್ಲಿ ಕಲ್ಲು ಸಿಕ್ಕಿತೋ ಇಲ್ಲವೋ? ಮನೆಮಂದಿಯೆಲ್ಲ ಅವನನ್ನು ತಲೆಯ ಮೇಲೆ ಹೊತ್ತು ಕುಣಿಯುತ್ತಿದ್ದಾಗ ಅವನ ಕಾರಿನ ಮುಂದಿನ ಸೀಟಿನ ಬೆನ್ನಿಗೆ ಪುಟ್ಟ ಬೂಟಿನ ಗುರುತುಗಳಿರುವುದನ್ನು ಕಂಡವನು ನಾನೊಬ್ಬನೇ. ಹಿಂದೆ ಕೂತ ಮಗು ಕಾಲು ಜಾಡಿಸಿದರೆ ಮಾತ್ರ ಆ ಜಾಗದಲ್ಲಿ ಗುರುತು ಬೀಳುತ್ತದೆ. ಮದುವೆಯೇ ಆಗಿಲ್ಲ ಅಂದವನ ಕಾರಿಗೆ ಮಗು ಎಲ್ಲಿಂದ ಬಂತು? ಆಮೇಲಿನದ್ದು ನಿನಗೆ ಗೊತ್ತೇ ಇದೆ, ಮತ್ತೆ ಕೆದಕುವುದಿಲ್ಲ. ಅದರ ಮೇಲಿನ ನಂಬಿಕೆಯಿಂದಲೇ ನೀನು ಈಗ ನನ್ನನ್ನು ಕೇಳುತ್ತಿರುವುದು ಅಂತಲೂ ಗೊತ್ತು.

ಮೂವತ್ತು ವರ್ಷ ವಿಮೆ ಕಂಪನಿಗೆ ಸರ್ವೇಯರ್ ಆಗಿ ಗುದ್ದಿದ ಗಾಡಿಗಳನ್ನು ನೋಡುತ್ತಾ ಕಳೆದವನು ನಾನು. "ನಿಂತಿದ್ದ ಗಾಡಿಗೆ ಬಂದು ಗುದ್ದಿದ್ರು ಸಾರ್" ಅನ್ನುವವನ ಬಂಪರು ನೋಡಿದರೆ ಸಾಕು, ಗಾಡಿ ನಿಂತಿತ್ತೋ ಓಡುತ್ತಿತ್ತೋ ಹೇಳಿಬಿಡುತ್ತೇನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ, ನಾನು ಪ್ರಮಾಣಿಸಿದ ಮೇಲೂ ಇನ್ನೊಂದು ಸಲ ಬಗ್ಗಿ ನೋಡುವವನು. ಇನ್ನು ನಿನ್ನವನ ಕಸುಬು ನೋಡು: ಇಲ್ಲದ ಹಲ್ಲು ಇದೆ ಅಂತ ತೋರಿಸುವುದು! ದಿನವಿಡೀ ಮೇಣ, ಸುಣ್ಣದಂಥ ಪುಡಿ, ಅಚ್ಚು ಇಟ್ಟುಕೊಂಡು ಸುಳ್ಳು ಹಲ್ಲು ಕಟ್ಟುವವನು ಮಾತನ್ನು ಮಾತ್ರ ನಿಜ ಆಡುತ್ತಾನೆಯೇ ಅಂತ ನಿನ್ನಮ್ಮನನ್ನು ಕೇಳಿದೆ. ಅವಳ ಕೆಳಗಿನ ಸೆಟ್ಟು ಅವನೇ ಮಾಡಿದ್ದು. ಅದು ಬಾಯಿಗೆ ಕೂತ ದಿನದಿಂದ ಅವಳು ಅವನ ಪಕ್ಷ. ನನ್ನ ಎದುರಿಗೇ ಕೂತು ಒಂದು ಹಿಡಿ ಕಡಲೆಬೀಜ ಅಗಿದು ತೋರಿಸಿದಳು.

ನನ್ನನ್ನು ಕರೆದವನೂ ಅವನೇ, ಇದನ್ನು ಮೊದಲು ಗಮನಿಸು. "ಅಂಕಲ್, ಶನಿವಾರ ನಾವು ಮೂವರು ಹಳೇ ತಾಮ್ರದ ಗಣಿ ಊರಿಗೆ ಹೋಗ್ತಿದೀವಿ, ನೀವೂ ಬನ್ನಿ, ನಿಮ್ಮ ಗಾಡಿ ಸುಮ್ನೆ ನಿಂತು ತುಕ್ಕು ಹಿಡೀತಿದೆ" ಅಂದ. ಲೋಕದಲ್ಲಿ ಯಾವ ಹುಡುಗ ತಾನು ಮದುವೆಯಾಗಬೇಕೆಂದಿರುವ ಹುಡುಗಿಯ ಅಪ್ಪನನ್ನು ಗೆಳೆಯರ ಜೊತೆಗಿನ ಮಜಕ್ಕೆ ಕರೆಯುತ್ತಾನೆ? ಅತಿವಿನಯಂ ಧೂರ್ತಲಕ್ಷಣಂ ಅಂತ ಸುಮ್ಮನೆ ಹೇಳಿಲ್ಲ. ನನ್ನನ್ನು ಓಲೈಸಲು ಕರೆಯುತ್ತಿದ್ದಾನೆ ಅಂತ ಅನ್ನಿಸಿತು. ಆದರೆ ಎರಡು ದಿನ ಕಣ್ಣಳತೆಯಲ್ಲಿ ಇರುತ್ತಾನಲ್ಲ ಅಂತ ಒಪ್ಪಿಕೊಂಡೆ. "ಆ ಕಡೆ ಹೋಗಿ ಅಭ್ಯಾಸ ಇದೆಯಾ?" ಅಂತ ಕೇಳಿದೆ. "ಇಲ್ಲ ಅಂಕಲ್, ನನಗೂ ಇದೇ ಮೊದಲು" ಅಂದ. ಈ ಮಾತನ್ನು ನೆನಪಿಟ್ಟುಕೊಂಡೆ.

ಉಳಿದಿಬ್ಬರನ್ನು ನೀನು ನೋಡಿಲ್ಲ. ಒಬ್ಬ ಬೇಕರಿಯವನು, ನಲವತ್ತರ ಆಸುಪಾಸು, ಗುಂಡಗೆ, ನಗುವಾಗ ಹೊಟ್ಟೆಯೂ ನಗುತ್ತದೆ. ಕಲ್ಲು ಕಂಡರೂ ಫೋಟೋ, ಕಂಬ ಕಂಡರೂ ಫೋಟೋ. ಇನ್ನೊಬ್ಬಳು ಆಸ್ಪತ್ರೆಯ ನರ್ಸು, ನಿನ್ನ ವಯಸ್ಸಿನವಳೇ. ಮಾತು ಸೂಜಿಯ ಹಾಗೆ, ಚುಚ್ಚಿದ ಮೇಲೆ ಗೊತ್ತಾಗುತ್ತದೆ. ಈ ಮೂವರದ್ದು ಒಂದು ಪದ್ಧತಿಯಿದೆ. ಹಲ್ಲಿನವನು ಯಾವಾಗಲೂ ಮುಂದೆ, ನರ್ಸಮ್ಮ ಯಾವಾಗಲೂ ಕಟ್ಟಕಡೆಗೆ. ದಾರಿ ತಿರುಗುವಲ್ಲಿ, ಮುಂದಿನವನ ಬೆನ್ನಿಗಿರುವವನು ಗಾಡಿ ನಿಲ್ಲಿಸಿ ಅಲ್ಲೇ ನಿಲ್ಲಬೇಕು. ಹಿಂದಿನವರೆಲ್ಲ ಬಂದು ತಿರುಗುವವರೆಗೆ ಜಾಗ ಬಿಡಬಾರದು. ತಿರುವಿನಲ್ಲಿ ಯಾರೂ ನಿಂತಿಲ್ಲವೆಂದರೆ ನೇರ ಹೋಗಬೇಕು ಅಂತ ಅರ್ಥ. ಕಾದು ಕೂರುವುದಿಲ್ಲ, ಫೋನು ಮಾಡುವುದಿಲ್ಲ, ನೇರ ಹೋಗುವುದು. ದೂಳಿನ ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಹತ್ತಿರ ಹೋಗಲು ಆಗುವುದಿಲ್ಲ, ಅರ್ಧ ಅರ್ಧ ಮೈಲಿ ದೂರ ಇರುತ್ತಾರೆ, ಅದಕ್ಕೆ ಈ ಏರ್ಪಾಡು. ಒಳ್ಳೆಯ ಪದ್ಧತಿಯೇ, ನನಗೂ ಹಿಡಿಸಿತು.

ಹೊರಟ ಮೇಲೆ ಮೊದಲ ಮೂರು ಗಂಟೆ ಡಾಂಬರು ರಸ್ತೆ. ನಾನು ಅವನ ಬೆನ್ನಿಗೇ ಇದ್ದೆ, ಬಿಡಲಿಲ್ಲ. ಕೊನೆಯ ಪೆಟ್ರೋಲ್ ಬಂಕಿನ ಪಕ್ಕ ಚಹಾಕ್ಕೆ ನಿಂತಾಗ ಅವನ ಹೆಗಲಿನ ಚಿಕ್ಕ ಚರ್ಮದ ಚೀಲದ ಮೇಲೆ ಕಣ್ಣು ಬಿತ್ತು. ಬೇರೆ ಸಾಮಾನೆಲ್ಲ ಗಾಡಿಯ ಮೇಲೇ ಬಿಟ್ಟ, ಅದನ್ನು ಮಾತ್ರ ಬಿಡಲಿಲ್ಲ, ತೊಡೆಯ ಮೇಲೆ ಮಗುವಿನ ಹಾಗೆ ಇಟ್ಟುಕೊಂಡು ಚಹಾ ಕುಡಿದ. ಮುಖ ತೊಳೆಯಲು ಎದ್ದಾಗ ನರ್ಸಮ್ಮನ ಕೈಗೆ ಕೊಟ್ಟ, ಅವಳು ಬೆಂಚಿನ ಮೇಲಿಟ್ಟಳು. ನಾನು ಬಿಡುತ್ತೇನೆಯೇ? ಬಗ್ಗಿ ಬೂಟಿನ ದಾರ ಕಟ್ಟುವ ನೆಪದಲ್ಲಿ ಜಿಪ್ಪು ಎಳೆದೆ. ಒಳಗೊಂದು ಡಬ್ಬಿ, ಡಬ್ಬಿಯಲ್ಲಿ ಒದ್ದೆ ಹತ್ತಿ, ಹತ್ತಿಯ ನಡುವಿನಿಂದ ಮೇಲೊಂದು ಕೆಳಗೊಂದು ಸಾಲು ಹಲ್ಲು ನನ್ನನ್ನು ನೋಡಿ ಕಿರಿದವು. ನನ್ನ ಕೈಯಿಂದ ಡಬ್ಬಿ ಜಾರುವುದೊಂದು ಬಾಕಿ. ಮುಚ್ಚಿಟ್ಟೆ ಅನ್ನು. ಆದರೆ ರಜೆಯ ದಿನ, ಯಾರೂ ವಾಸವಿಲ್ಲದ ಊರಿಗೆ, ಒಂದು ಪೂರ್ತಿ ಬಾಯಿ ಹಲ್ಲು ಹೊತ್ತುಕೊಂಡು ಯಾಕೆ ಹೋಗುತ್ತಾನೆ ಅಂತ ಆಮೇಲಿನ ಒಂದು ಗಂಟೆ ತಲೆ ಕೆಡಿಸಿಕೊಂಡೆ.

ಡಾಂಬರು ಮುಗಿದ ಮೇಲೆ ಶುರುವಾಯಿತು ನೋಡು ಮರಳುಗಾಡು. ಎಲ್ಲಿ ನೋಡಿದರೂ ಒಂದೇ ಬಣ್ಣ, ದಾರಿ ಯಾವುದು ಬಯಲು ಯಾವುದು ಅಂತ ತಿಳಿಯದು. ಗಣಿಯ ಕಾಲದ ಲಾರಿಗಳು ಓಡಾಡಿದ ದಾರಿಗಳು ಹತ್ತು ಕಡೆ ಹರಿದುಹೋಗಿವೆ. ಇಪ್ಪತ್ತು ಕಿಲೋಮೀಟರ್ ಒಳಗೆ ಹೋದ ಮೇಲೆ ಸಿಮೆಂಟಿನ ಒಂದು ಹಳೆಯ ನೀರಿನ ತೊಟ್ಟಿ ಸಿಗುತ್ತದೆ, ಅಲ್ಲಿ ದಾರಿ ಕವಲಾಗುತ್ತದೆ. ಎಡಕ್ಕೆ ಹೋದರೆ ಊರು. ನೇರ ಹೋದರೆ ಮಣ್ಣು ಸುರಿದ ದಿಬ್ಬಗಳು, ಹಳೆಯ ಗಣಿಬಾಯಿಗಳು.

ಆ ಕವಲಿನಲ್ಲಿ ಯಾರೂ ನಿಂತಿರಲಿಲ್ಲ. ಬೇಕರಿಯವನು, ನರ್ಸಮ್ಮ ಇಬ್ಬರೂ ಪದ್ಧತಿಯ ಪ್ರಕಾರ ನೇರ ಹೋದರು. ಮುಂದೆ ದಾರಿ ಕುಸಿದು ಒಂದಾಳು ಆಳದ ಕಂದಕವಾಗಿತ್ತು. ಬೇಕರಿಯವನು ಬಿದ್ದ.

ಹೆಗಲಿನ ಮುಂದಿನ ಮೂಳೆ ಎರಡು ತುಂಡು. ಜೀವಕ್ಕೆ ಅಪಾಯವಿಲ್ಲ, ಹೆದರಬೇಡ. ಇತ್ತ ನಾನೂ ಹಲ್ಲಿನವನೂ ಊರು ಸೇರಿ, ಬೇಕರಿಯವನು ಎಲ್ಲೋ ಫೋಟೋ ತೆಗೆಯುತ್ತಾ ನಿಂತಿರಬೇಕು ಅಂತ ಕಾದೆವು. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಹಲ್ಲಿನವನಿಗೆ ವಾಪಸ್ ಹೋಗಿ ನೋಡುವ ಬುದ್ಧಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತು ಆ ಮನುಷ್ಯ ನೆತ್ತಿ ಸುಡುವ ಬಿಸಿಲಲ್ಲಿ ಬಿದ್ದಿದ್ದ. ನರ್ಸಮ್ಮ ತನ್ನ ಜಾಕೆಟ್ಟನ್ನು ಅವನ ಮುಖಕ್ಕೆ ನೆರಳು ಹಿಡಿದು ಕೂತಿದ್ದಳು, ಬಿಟ್ಟು ಬರುವ ಹಾಗೂ ಇಲ್ಲ, ಕೂಗಿದರೆ ಕೇಳುವವರೂ ಇಲ್ಲ. ನಮ್ಮನ್ನು ಕಂಡ ಕೂಡಲೇ ಅವಳು ಕೇಳಿದ್ದು ಒಂದೇ, "ಕವಲಲ್ಲಿ ಯಾರು ನಿಲ್ಬೇಕಿತ್ತು?" ಹಲ್ಲಿನವನೇ ಒಪ್ಪಿಕೊಂಡ. "ತಪ್ಪು ನಂದು. ಅಂಕಲ್ ಹೊಸಬರು, ಅವರಿಗೆ ಇಲ್ಲಿ ನಿಲ್ಲಿ ಅಂತ ಹೇಳೋದು ಮರೆತುಬಿಟ್ಟೆ" ಅಂದ. ಇವು ಅವನ ಬಾಯಿಂದ ಬಂದ ಮಾತುಗಳು, ನಾನು ಸೇರಿಸಿದ್ದಲ್ಲ. ನರ್ಸಮ್ಮ ಆಡಿದ್ದನ್ನೂ ಬರೆಯುತ್ತೇನೆ: "ಇನ್ನು ನಿನ್ನ ಹಿಂದೆ ನಾವು ಯಾರೂ ಬರಲ್ಲ." ಬೇಕರಿಯವನು ನೋವಲ್ಲೂ "ಹೋಗ್ಲಿ ಬಿಡಮ್ಮ" ಅಂದ. ಆರು ವಾರ ಹಿಟ್ಟು ನಾದುವ ಹಾಗಿಲ್ಲ ಅವನು.

ಆ ಊರಿಗೆ ಒಬ್ಬ ಕಾವಲಿನ ಅಜ್ಜ ಇದ್ದಾನೆ, ನೋಡಲು ಬರುವವರಿಗೆ ಬೀಗ ತೆಗೆದು ತೋರಿಸುವುದು ಅವನ ಕೆಲಸ. ಅವನ ಪಿಕಪ್ಪಿನಲ್ಲಿ ಬೇಕರಿಯವನನ್ನೂ ಮುರಿದ ಗಾಡಿಯನ್ನೂ ಹಾಕಿಕೊಂಡು ನರ್ಸಮ್ಮ ಆಸ್ಪತ್ರೆಗೆ ಹೋದಳು. ಪಿಕಪ್ಪು ಬರುವುದು ಮರುದಿನವೇ. ಉಳಿದವರು ನಾನು, ಅವನು, ಮತ್ತು ಒಂದು ಇಡೀ ಖಾಲಿ ಊರು. ಸಂಜೆ ಹಳೇ ಗಣಿ ಕಂಪನಿಯ ಕಚೇರಿಯ ಮೆಟ್ಟಿಲ ಮೇಲೆ ಕೂತು, ಬೇಕರಿಯವನು ಎಲ್ಲರಿಗೂ ಅಂತ ಬೆಳಗ್ಗೆ ಕಟ್ಟಿಕೊಂಡು ಬಂದಿದ್ದ ಬನ್ನು ತಿಂದೆವು. ನಾನು ಅರ್ಧ ತಿಂದು ಉಳಿದದ್ದನ್ನು ಕಾಗದದಲ್ಲಿ ಸುತ್ತಿಟ್ಟೆ. ಒಣಗಿತ್ತು ಅನ್ನೋಣ. ಅವನು ಮಾತ್ರ ಸಪ್ಪಳ ಮಾಡಿಕೊಂಡು ತಿಂದ, ಈ ಅಭ್ಯಾಸ ನಿನಗೆ ಗೊತ್ತಿದೆಯೋ ಇಲ್ಲವೋ. "ಅಂಕಲ್, ನೀರು ಕುಡೀರಿ, ಮಧ್ಯಾಹ್ನದಿಂದ ಕುಡಿದಿಲ್ಲ ನೀವು" ಅಂತ ಮೂರು ಸಲ ಅಂದ. ಇಷ್ಟೆಲ್ಲ ಅನಾಹುತ ಮಾಡಿಕೊಂಡವನು ನನ್ನ ನೀರಿನ ಲೆಕ್ಕ ಇಡುತ್ತಾನೆಂದರೆ ಏನೋ ಇದೆ ಅಂದುಕೊಂಡು ಕುಡಿಯಲಿಲ್ಲ. ಆಮೇಲೆ ಬಾಯಾರಿ ಕುಡಿದೆ.

ಊರಿನ ಬಗ್ಗೆಯೂ ನಾಲ್ಕು ಮಾತು ಬರೆಯಬೇಕು, ನೀನು ಇಂಥದ್ದನ್ನು ಇಷ್ಟಪಡುವವಳು. ಮನೆಗಳ ಒಳಗೆ ಕಿಟಕಿಯ ಮಟ್ಟಕ್ಕೆ ಮರಳು ತುಂಬಿದೆ, ಬಾಗಿಲು ಮುಕ್ಕಾಲು ತೆರೆದು ಹಾಗೇ ಹೂತುನಿಂತಿದೆ. ಒಂದು ಮನೆಯ ಗೋಡೆಗೆ ಮಗುವಿನ ಎತ್ತರ ಅಳೆದ ಗೆರೆಗಳು, ಕೆಳಗಿನವು ಮರಳಿನಡಿ ಹೋಗಿ ಮೇಲಿನ ಎರಡು ಮಾತ್ರ ಉಳಿದಿವೆ. ನನಗೆ ತುಂಬ ಹಿಡಿಸಿದ್ದು ಗಣಿ ಕೆಲಸಗಾರರು ಬಟ್ಟೆ ಬದಲಾಯಿಸುತ್ತಿದ್ದ ದೊಡ್ಡ ಕೊಟ್ಟಡಿ. ಅಲ್ಲಿ ಕಪಾಟುಗಳೇ ಇಲ್ಲ. ಚಾವಣಿಯಿಂದ ನೂರಾರು ಸರಪಳಿ ಇಳಿಬಿದ್ದಿವೆ, ತುದಿಗೆ ಕೊಕ್ಕೆ. ಮನೆಯ ಬಟ್ಟೆಯನ್ನು ಕೊಕ್ಕೆಗೆ ಹಾಕಿ, ಬಾವಿಯ ಹಗ್ಗ ಎಳೆದ ಹಾಗೆ ಎಳೆದು ಮೇಲೇರಿಸಿ, ಕೆಳಗೆ ಬೀಗ ಹಾಕಿಕೊಂಡು ಗಣಿಗೆ ಇಳಿಯುತ್ತಿದ್ದರಂತೆ. ಪಕ್ಕದವನು ನಿನ್ನ ಅಂಗಿಯ ಜೇಬಿಗೆ ಕೈ ಹಾಕಬೇಕೆಂದರೆ ಏಣಿ ತರಬೇಕು! ಈ ಏರ್ಪಾಡು ಮಾಡಿದವನು ನನ್ನಂಥವನೇ ಇರಬೇಕು, ಯಾರನ್ನೂ ನಂಬದವನು.

ಭಾನುವಾರ ಬೆಳಗ್ಗೆ ಅಜ್ಜ ಪಿಕಪ್ಪಿನಲ್ಲಿ ಮರಳಿದ, ತನ್ನ ಗಾಡಿ ಒಯ್ಯಲು ನರ್ಸಮ್ಮನೂ ಬಂದಳು. ಬಂದವನೇ ಅಜ್ಜ ಹಲ್ಲಿನವನ ಮುಂದೆ ಬಾಯಿ ತೆರೆದು ಕೂತ. ನಮ್ಮವನು ಚೀಲ ಬಿಚ್ಚಿ, ಡಬ್ಬಿ ತೆಗೆದು, ಆ ಹಲ್ಲಿನ ಸೆಟ್ಟು ಅಜ್ಜನ ಬಾಯಿಗೆ ಕೂರಿಸಿದ. ಒಂದೆರಡು ಕಡೆ ಉಜ್ಜಿ ಸರಿಮಾಡಿದ, ಅಜ್ಜ ಕನ್ನಡಿ ನೋಡಿಕೊಂಡು ಮದುವಣಿಗನ ಹಾಗೆ ನಾಚಿದ. ಚೆನ್ನಾಗಿತ್ತು ನೋಡಲು, ಇಲ್ಲವೆನ್ನುವುದಿಲ್ಲ. ಆದರೆ ಪುಟ್ಟೀ, ಅಳತೆ ಇಲ್ಲದೆ ಹಲ್ಲು ಕಟ್ಟಲು ಆಗುತ್ತದೆಯೇ? ಬಾಯಿಗೆ ಮೇಣ ಇಟ್ಟು ಅಚ್ಚು ತೆಗೆಯದೆ? ಅಚ್ಚು ತೆಗೆಯಲು ಅಲ್ಲಿಗೆ ಹೋಗದೆ? ನನ್ನ ಮುಂದೆ "ಇದೇ ಮೊದಲು" ಅಂದವನು ಅದಕ್ಕೆ ಮೊದಲೇ ಅಲ್ಲಿಗೆ ಹೋಗಿಬಂದಿದ್ದ. ಸಣ್ಣ ಸುಳ್ಳಿರಬಹುದು, ಆದರೆ ಬಾಯಿ ತೊದಲದೆ, ಕಣ್ಣು ತಪ್ಪಿಸದೆ, ನನ್ನಂಥ ಸರ್ವೇಯರ್ ಎದುರಿಗೆ ಹೇಳಿದ ಸುಳ್ಳು.

ವಾಪಸ್ ಬರುವಾಗ ನರ್ಸಮ್ಮ ಮುಂದೆ ಹೋದಳು. ಅವನನ್ನು ಕಡೆಗೆ ಹಾಕಿದಳು. ನಮ್ಮಿಬ್ಬರ ದೂಳು ಕುಡಿಯುತ್ತಾ ಹಿಂದೆ ಬಂದ.

ಹಾಗಾಗಿ ನನ್ನ ಅಭಿಪ್ರಾಯ ಕೇಳಿದರೆ ಇಷ್ಟು. ಮನುಷ್ಯ ಕೆಟ್ಟವನಲ್ಲ, ಕೈಯಲ್ಲಿ ಕಸುಬಿದೆ, ಹಿರಿಯರೆಂದರೆ ಗೌರವವಿದೆ, ಅಥವಾ ಇದ್ದ ಹಾಗೆ ಕಾಣುತ್ತದೆ. ಆದರೆ ಸಲೀಸಾಗಿ ಸುಳ್ಳು ಹೇಳುತ್ತಾನೆ. ಎರಡನೆಯದು, ಮರೆವು. ಮುಂದೆ ಹೋಗುವವನು ಹಿಂದೆ ಬರುವವರನ್ನು ಮರೆತರೆ ಏನಾಗುತ್ತದೆ ಅಂತ ಕಣ್ಣಾರೆ ಕಂಡು ಬಂದಿದ್ದೇನೆ. ಒಬ್ಬ ಮನುಷ್ಯನ ಮೂಳೆ ಮುರಿದಿದೆ. ನಿನ್ನ ಕೈಹಿಡಿಯುವವನು ಅಂಥವನಾಗಬಾರದು ಅನ್ನುವುದು ನನ್ನ ಆಸೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಮಗಳೇ. ಸದ್ಯಕ್ಕೆ ಇಳಿಯಬೇಡ. ಎರಡು ವರ್ಷದ ಕರಾರಿಗೆ ಸಹಿ ಹಾಕು, ಆಮೇಲೂ ಅವನು ಕಾದಿದ್ದರೆ ಆಗ ನೋಡೋಣ. ಇದನ್ನು ಬರೆಯುವಾಗ ನನಗೂ ಸಂತೋಷವಿಲ್ಲ, ನಂಬು.

ಈ ಪತ್ರ ಇವತ್ತು ಸಂಜೆ ಐದರೊಳಗೆ ನಿಮ್ಮ ಹಡಗಿನ ಏಜೆಂಟ್ ಕಚೇರಿ ಸೇರಿದರೆ ಮಾತ್ರ ಆ ಬಂದರಿನಲ್ಲಿ ನಿನ್ನ ಕೈಗೆ ಸಿಗುತ್ತದಂತೆ, ಆದ್ದರಿಂದ ಮುಗಿಸುತ್ತೇನೆ. ಕೈಗೆ ಪಟ್ಟಿ ಕಟ್ಟಿಕೋ. ತಿಂಡಿ ಬಿಡಬೇಡ. ನಿಮ್ಮ ಅಡುಗೆಯವನಿಗೆ ನನ್ನ ನಮಸ್ಕಾರ ಹೇಳು, ನಿನಗೆ ಎರಡನೇ ಸಲ ಬಡಿಸುತ್ತಾನೆ ಅಂತ ಬರೆದಿದ್ದೆಯಲ್ಲ. ನೀನಿರುವ ನೀರು ಶಾಂತವಾಗಿರಲಿ, ನೀನು ನಗುತ್ತಿರು, ನೂರು ವರ್ಷ ಬಾಳು.

ನಿನ್ನ
ಅಪ್ಪ

ತಾ.ಕ.: ಪುಟ್ಟೀ, ಗಂಟೆ ನಾಲ್ಕು ಹತ್ತು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕಾಗೆ ಕಾಲಾಗಿದೆ. ಅವನು ಕೆಳಗೆ ಬಂದು ನಿಂತಿದ್ದಾನೆ. ಬೈಕು ಆರಿಸಿಲ್ಲ. "ಅಂಕಲ್, ಪತ್ರ ಬರೆದಾಯ್ತಾ? ಐದಕ್ಕೆ ಮುಚ್ತಾರೆ, ನಾನು ಒಯ್ದು ಕೊಡ್ತೀನಿ" ಅಂತ ಕೂಗಿದ. ತನ್ನನ್ನು ಬೇಡ ಅಂತ ಬರೆದಿರುವ ಪತ್ರವನ್ನು ತಲುಪಿಸಲು ತಾನೇ ಬಂದಿದ್ದಾನೆ.

ಮೇಲೆ ಬರೆದದ್ದರಲ್ಲಿ ಕವಲಿನ ಪ್ಯಾರಾವನ್ನು ಇನ್ನೊಮ್ಮೆ ಓದು. ನಾಲ್ಕೇ ವಾಕ್ಯವಿದೆ. ಬೇರೆ ಯಾರಾದರೂ ಇಂಥ ಹೇಳಿಕೆ ಬರೆದುಕೊಟ್ಟಿದ್ದರೆ, ಅಷ್ಟು ಚಿಕ್ಕದು ಯಾಕಯ್ಯಾ ಅಂತ ಅಲ್ಲೇ ಹಿಡಿಯುತ್ತಿದ್ದೆ.

ಅವನು ಮರೆತಿರಲಿಲ್ಲ. ತೊಟ್ಟಿಯ ಹತ್ತಿರ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, "ಅಂಕಲ್, ಇಲ್ಲೇ ನಿಂತಿರಿ, ಇಬ್ಬರೂ ಎಡಕ್ಕೆ ತಿರುಗೋವರೆಗೂ ಕದಲಬೇಡಿ" ಅಂದ. ಎರಡು ಸಲ ಅಂದ. ನಾನು ತಲೆಯಾಡಿಸಿದೆ. ಅವನು ಹೋದ ಸ್ವಲ್ಪ ಹೊತ್ತಿಗೆ ಅವನ ದೂಳು ದಿಬ್ಬದ ಆಚೆ ನಿಂತುಬಿಟ್ಟಿತು. ಊರು ಇನ್ನೂ ದೂರ, ಇವನು ಅಲ್ಲಿ ಯಾಕೆ ನಿಂತ? ಚೀಲದಲ್ಲಿ ಹಲ್ಲು, ಮರಳುಗಾಡು, ಯಾರೂ ಇಲ್ಲದ ಜಾಗ. ನನ್ನ ತಲೆ ಓಡಿತು. ಹಿಂದಿನವರು ಇನ್ನೂ ಕಾಣುತ್ತಿರಲಿಲ್ಲ. ಒಂದು ನಿಮಿಷದಲ್ಲಿ ನೋಡಿ ಬಂದುಬಿಡೋಣ ಅಂತ ನಾನು ಜಾಗ ಬಿಟ್ಟೆ.

ಅವನು ಹಳೆಯ ತಗಡುಗಳನ್ನು ಎಲ್ಲಿಂದಲೋ ಎಳೆದು ತಂದು ದಾರಿಯ ಮೆತ್ತನೆ ಮರಳಿನ ಮೇಲೆ ಹಾಸುತ್ತಿದ್ದ. ಕಾಲಲ್ಲಿ ತುಳಿದು ಗಟ್ಟಿ ಮಾಡುತ್ತಿದ್ದ. ನನ್ನ ಗಾಡಿಯ ಚಕ್ರ ತೆಳ್ಳಗಿದೆ, ಹೂತುಕೊಳ್ಳುತ್ತದೆ ಅಂತ. ಹಿಂದಿನ ವಾರ ಒಬ್ಬನೇ ಬಂದು ದಾರಿ ನೋಡಿಹೋಗಿದ್ದನಂತೆ. ಇದನ್ನು ಹೇಳಿದ್ದು ಅವನಲ್ಲ, ಭಾನುವಾರ ಅಜ್ಜ ಹೇಳಿದ. ಅಜ್ಜನ ಬಾಯಿಯ ಅಚ್ಚು ತೆಗೆದದ್ದೂ ಆಗಲೇ. ನನಗೆ ಯಾಕೆ ಸುಳ್ಳು ಹೇಳಿದ ಅಂದರೆ, "ನಿಮಗೋಸ್ಕರ ದಾರಿ ನೋಡ್ಕೊಂಡು ಬಂದೆ" ಅಂದಿದ್ದರೆ, ನಾನೇನು ಮುದುಕನಾ ಅಂತ ನಾನು ಹೊರಡುತ್ತಲೇ ಇರಲಿಲ್ಲ. ನಾನು ಹೊರಡುತ್ತಿದ್ದೆ ಅಂತ ನೀನಾದರೂ ಹೇಳುತ್ತೀಯಾ?

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನನ್ನನ್ನು ಕಂಡು ಅವನು, "ಇಬ್ರೂ ತಿರುಗಿದ್ರಾ ಅಂಕಲ್?" ಅಂತ ಕೇಳಿದ. ಕದ್ದು ನೋಡಲು ಬಂದವನು ಸಿಕ್ಕಿಬಿದ್ದಿದ್ದೆ. "ಹೂಂ, ತಿರುಗಿದ್ರು, ನಿಧಾನಕ್ಕೆ ಬರ್ತಿದಾರೆ" ಅಂದುಬಿಟ್ಟೆ. ಅದಕ್ಕೇ ಅವನು ವಾಪಸ್ ಹೋಗಿ ನೋಡಲಿಲ್ಲ. ಮುಕ್ಕಾಲು ಗಂಟೆ ನನ್ನ ಮಾತು ನಂಬಿ ಕೂತಿದ್ದ. ಬೇಕರಿಯವನು ಬಿಸಿಲಲ್ಲಿ ಬಿದ್ದಿದ್ದದ್ದು ನನ್ನ ಒಂದು "ಹೂಂ"ನಿಂದ.

ಹುಡುಕುತ್ತಾ ಕವಲಿಗೆ ಮರಳಿದಾಗ ಇಬ್ಬರೂ ನೆಲ ನೋಡಿದೆವು. ಎಡಕ್ಕೆ ಎರಡೇ ಗಾಡಿಯ ಗುರುತು, ನೇರಕ್ಕೆ ಇನ್ನೆರಡು. ಅವನು ಗುರುತು ನೋಡಿದ, ನನ್ನ ಮುಖ ನೋಡಿದ. ಗಾಡಿಯನ್ನು ನೇರ ದಾರಿಗೆ ತಿರುಗಿಸಿದ. ಆಮೇಲೆ ನರ್ಸಮ್ಮನ ಎದುರಿಗೆ "ತಪ್ಪು ನಂದು" ಅಂದ, ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ನನಗೆ ನಾಚಿಕೆಯಾಗುತ್ತಿದೆ ಪುಟ್ಟೀ. ಇವನು ನನ್ನನ್ನು ಕೈಯಲ್ಲಿ ಇಟ್ಟುಕೊಳ್ಳಲು ಹೀಗೆ ಮಾಡಿದ, ಬದಲಿಗೆ ಏನೋ ಕೇಳುತ್ತಾನೆ ಅಂತ ಇವತ್ತಿನವರೆಗೆ ಕಾದೆ. ಕೇಳಿದ್ದು ಪತ್ರ ಬರೆದಾಯ್ತಾ ಅಂತ.

ಕರಾರಿಗೆ ಸಹಿ ಹಾಕು ಅಂದಿದ್ದನ್ನು ಹೊಡೆದುಹಾಕು. ಇಳಿ ಅಂತಲೂ ನಾನು ಹೇಳುವುದಿಲ್ಲ, ಆ ಯೋಗ್ಯತೆ ಈಗ ನನಗಿಲ್ಲ. ನೀನೇ ನೋಡು, ನೀನೇ ಹೇಳು. ನಾನು ಅವನ ಬೆನ್ನಿಗೆ ಕೂತು ಮೊದಲು ಬೇಕರಿಗೆ ಹೋಗುತ್ತೇನೆ, ಅಲ್ಲಿ ಹೇಳುವುದನ್ನು ನನ್ನ ಬಾಯಿಂದಲೇ ಹೇಳಿ ಅಲ್ಲೇ ಇಳಿದುಕೊಳ್ಳುತ್ತೇನೆ. ಕಚೇರಿಗೆ ಅವನೊಬ್ಬನೇ ಹೋಗಲಿ.

ಲಕೋಟೆಗೆ ಅಂಟು ಹಚ್ಚಿಲ್ಲ. "ಮೊದಲ ಸಾಲಿನಿಂದ ಕೊನೆಯವರೆಗೆ ಪೂರ್ತಿ ಓದು, ಆಮೇಲೆ ಕೊಡುವುದೋ ಹರಿಯುವುದೋ ನಿನಗೆ ಬಿಟ್ಟದ್ದು" ಅಂತ ಹೇಳಿ ಅವನ ಕೈಗೆ ಕೊಡುತ್ತೇನೆ. ಈ ಪತ್ರ ನಿನ್ನ ಕೈ ಸೇರಿದರೆ, ಅವನು ಎಲ್ಲವನ್ನೂ ಓದಿಯೇ ಕಳಿಸಿದ್ದಾನೆ ಅಂತ ತಿಳಿ.